ಒದ್ದೆ ಚಳಿಯ ಲೆಕ್ಕ

ಮೈಯ ಶಾಖ ಕಸಿಯುವ ಚಳಿಗೆ ಹಿಮವೇ ಬೀಳಬೇಕೆಂದಿಲ್ಲ. ಹತ್ತು ಹನ್ನೆರಡು ಡಿಗ್ರಿ ಸೆಲ್ಸಿಯಸ್ ಹವೆ, ಬಿಡದೆ ಹಿಡಿದ ಮಳೆ, ಗುಡ್ಡದ ನೆತ್ತಿಯ ಗಾಳಿ, ಈ ಮೂರೂ ಕೂಡಿದರೆ ಸಾಕು. ಸೊನ್ನೆಗಿಂತ ಕೆಳಗಿನ ಒಣ ರಾತ್ರಿಯನ್ನು ದಪ್ಪ ಹೊದಿಕೆಯಲ್ಲಿ ಆರಾಮವಾಗಿ ಕಳೆಯಬಲ್ಲ ತಂಡ 10 ಡಿಗ್ರಿಯ ಜಡಿಮಳೆಯಲ್ಲಿ ನಡುಗಿ ಕಂಗಾಲಾಗುವುದುಂಟು. ವಾರಾಂತ್ಯಕ್ಕೆ ಎಂಟು ಹತ್ತು ಜನ ಸೇರಿ ಡೇರೆ ಹಾಕಲು ಹೊರಟಾಗ ಹೆಚ್ಚಿನವರು ತಾಪಮಾನದ ಅಂಕಿಯೊಂದನ್ನೇ ನೋಡಿ ಸಮಾಧಾನಪಡುತ್ತಾರೆ. ಮೈ ಎಷ್ಟು ಶಾಖ ಹುಟ್ಟಿಸುತ್ತದೆ, ಎಷ್ಟು ಕಳೆದುಕೊಳ್ಳುತ್ತದೆ ಎಂಬುದರ ಲೆಕ್ಕ ಆ ಅಂಕಿಯಲ್ಲಿ ಸಿಗುವುದಿಲ್ಲ.

ದೇಹದ ಒಳಭಾಗ 37 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಸುಮ್ಮನೆ ಕುಳಿತ ವಯಸ್ಕರ ಮೈ 80ರಿಂದ 100 ವ್ಯಾಟ್‌ನಷ್ಟು ಶಾಖ ಹೊರಸೂಸುತ್ತಿರುತ್ತದೆ. ಬೆನ್ನಿಗೆ ಹೊರೆ ಹೊತ್ತು ಏರು ಹತ್ತುವಾಗ ಇದು ಐದಾರು ಪಟ್ಟು ಹೆಚ್ಚುತ್ತದೆ. ನಡುಕವೂ ಶಾಖ ಹುಟ್ಟಿಸುವ ದಾರಿಯೇ. ಸ್ನಾಯುಗಳು ಕೆಲಸವಿಲ್ಲದೆ ಕುಗ್ಗಿ ಹಿಗ್ಗಿ, ಒಳಗೆ ಕೂಡಿಟ್ಟ ಸಕ್ಕರೆಯನ್ನು ಉರಿಸುತ್ತವೆ. ಆ ದಾಸ್ತಾನು ಮುಗಿಯುತ್ತ ಬಂದಂತೆ ನಡುಕವೂ ಸೋಲುತ್ತದೆ.

ಖರ್ಚಿನ ಕಡೆ ನೀರಿನ ಪಾಲು ದೊಡ್ಡದು. ಬಟ್ಟೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಅಲುಗಾಡದ ಗಾಳಿಯನ್ನು ಹಿಡಿದಿಡುವುದರಿಂದ. ಆ ಜಾಗಕ್ಕೆ ನೀರು ಹೊಕ್ಕರೆ, ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಸಾಗಿಸುವ ವಸ್ತು ಮೈಗೆ ಅಂಟಿಕೊಂಡಂತಾಗುತ್ತದೆ. ಇನ್ನೊಂದು ಖರ್ಚು ಆವಿಯದು. ತೊಯ್ದ ಜೀನ್ಸು, ಅಂಗಿ, ಸ್ವೆಟರುಗಳಲ್ಲಿ ಒಟ್ಟು ಒಂದು ಲೀಟರ್ ನೀರು ಉಳಿದಿದೆಯೆಂದುಕೊಳ್ಳೋಣ. ಅದು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟನ್ನೂ ಮೈಯೇ ಒದಗಿಸಬೇಕಾದರೆ, 90 ವ್ಯಾಟ್‌ನ ಲೆಕ್ಕದಲ್ಲಿ, ವಿಶ್ರಾಂತಿಯಲ್ಲಿರುವ ವ್ಯಕ್ತಿಯ ಏಳು ಗಂಟೆಗೂ ಮಿಕ್ಕಿದ ಉತ್ಪತ್ತಿ ಪೂರ್ತಿ ಅದಕ್ಕೇ ಸಲ್ಲುತ್ತದೆ. ‘ಬಟ್ಟೆ ಮೈಮೇಲೇ ಒಣಗುತ್ತದೆ ಬಿಡಿ’ ಎಂದು ಒದ್ದೆಯಲ್ಲೇ ಮಲಗುವವರು ರಾತ್ರಿಯಿಡೀ ತೆರುವ ಬೆಲೆ ಇದು.

ಗಾಳಿಯ ಪ್ರಭಾವವನ್ನು ತೋರಿಸುವ ಕೋಷ್ಟಕಗಳು ಹವಾಮಾನ ತಾಣಗಳಲ್ಲಿ ಸಿಗುತ್ತವೆ. ಈಗ ಬಳಕೆಯಲ್ಲಿರುವ ಸೂತ್ರದ ಪ್ರಕಾರ 10 ಡಿಗ್ರಿಯ ಹವೆಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಮುಖಕ್ಕೆ 6 ಡಿಗ್ರಿಯಂತೆ ಅನ್ನಿಸುತ್ತದೆ. ಓದಿದವರಿಗೆ ಇಷ್ಟೇ ತಾನೆ ಎನ್ನಿಸಬಹುದು. ಆದರೆ ಆ ಸೂತ್ರ ಒಣ ಚರ್ಮವನ್ನು ಗಣಿಸಿ ಮಾಡಿದ್ದು, ಮಳೆಯಲ್ಲಿ ನೆನೆದವರಿಗೆ ಅದು ಅನ್ವಯಿಸುವುದಿಲ್ಲ.

ಒದ್ದೆ ಬಟ್ಟೆಯ ವಿಷಯ ವಿಜ್ಞಾನಿಗಳ ಗಮನಕ್ಕೆ ಗಟ್ಟಿಯಾಗಿ ಬಂದದ್ದು ಒಂದು ದುರಂತದ ನಂತರ. 1964ರ ಮಾರ್ಚ್ 14 ಮತ್ತು 15ರಂದು ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟಿನ ಬೋಳು ಗುಡ್ಡಗಳಲ್ಲಿ ‘ಫೋರ್ ಇನ್ಸ್’ ಎಂಬ ನಡಿಗೆ ಸ್ಪರ್ಧೆ ನಡೆಯಿತು. ಸ್ಕೌಟ್ ಬಳಗದ ಇನ್ನೂರಕ್ಕೂ ಹೆಚ್ಚು ಯುವಕರು ಹೊರಟಿದ್ದರು. ದಾರಿ ಸುಮಾರು 72 ಕಿ.ಮೀ. ಮಳೆಯೂ ಗಾಳಿಯೂ ಜೋರಾದವು. ಬಹುಪಾಲು ಜನ ನಡುವೆಯೇ ಕೈಚೆಲ್ಲಿದರು. ಗಟ್ಟಿಮುಟ್ಟಾದ ಮೂವರು ಯುವಕರು ಸತ್ತರು. 1953ರ ಎವರೆಸ್ಟ್ ತಂಡದಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ಇದರ ತನಿಖೆಗಿಳಿದು, ಅಂಥದೇ ಉಡುಪುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ನೆನೆದ ಬಟ್ಟೆ ಗಾಳಿಯಲ್ಲಿ ತನ್ನ ರಕ್ಷಣಾಶಕ್ತಿಯ ಬಹುಭಾಗವನ್ನು ಕಳೆದುಕೊಳ್ಳುತ್ತಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿತ್ತು. ಬಿರುಸಾಗಿ ನಡೆಯುತ್ತಿರುವವರೆಗೆ ಮೈ ಹುಟ್ಟಿಸುವ ಶಾಖ ಆ ನಷ್ಟವನ್ನು ಹೇಗೋ ತುಂಬಿಕೊಡುತ್ತದೆ. ದಣಿವಾಗಿ ನಡಿಗೆ ನಿಧಾನವಾದೊಡನೆ ಆದಾಯ ಕುಸಿಯುತ್ತದೆ, ಖರ್ಚು ಹಾಗೆಯೇ ಉಳಿಯುತ್ತದೆ. ತಣ್ಣಗಾದ ಸ್ನಾಯು ಇನ್ನಷ್ಟು ದುರ್ಬಲವಾಗುತ್ತದೆ, ನಡಿಗೆ ಮತ್ತೂ ನಿಧಾನವಾಗುತ್ತದೆ. ಅಲ್ಲಿಂದ ಮುಂದಿನ ಇಳಿಕೆಗೆ ಹೆಚ್ಚು ಹೊತ್ತು ಬೇಕಿಲ್ಲ.

ಹೀಗಾಗಿ ಒದ್ದೆ ಚಳಿಯ ಶಿಬಿರದಲ್ಲಿ ಅಪಾಯದ ಹೊತ್ತು ನಡಿಗೆ ನಿಂತಾಗ ಶುರುವಾಗುತ್ತದೆ. ಯೋಜನೆಯೂ ಆ ಗಳಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು. ಬೀಡು ತಲುಪುವುದು ಎಷ್ಟು ಹೊತ್ತಿಗೆ, ಆಗ ಎಷ್ಟು ಬೆಳಕು ಉಳಿದಿರುತ್ತದೆ, ಯಾರ ಕೈಬೆರಳುಗಳು ಇನ್ನೂ ಗಂಟು ಕಟ್ಟುವಷ್ಟು ಚುರುಕಾಗಿರುತ್ತವೆ, ಒಣಬಟ್ಟೆ ಚೀಲದ ಯಾವ ಮೂಲೆಯಲ್ಲಿದೆ ಎಂಬ ಪ್ರಶ್ನೆಗಳು ಮೊದಲು ಬರುತ್ತವೆ.

ಕರ್ನಾಟಕದ ಓದುಗರಿಗೆ ಹತ್ತಿರದ ಉದಾಹರಣೆ ಪಶ್ಚಿಮ ಘಟ್ಟದ ಮಳೆಗಾಲ. ತೇವ ತುಂಬಿದ ಗಾಳಿ ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಐದಾರು ಡಿಗ್ರಿ ತಣ್ಣಗಾಗುತ್ತದೆ. ಜುಲೈ ತಿಂಗಳ ಒಂದು ಹಗಲು ಕರಾವಳಿಯಲ್ಲಿ 26 ಡಿಗ್ರಿಯಿದ್ದರೆ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 15 ಡಿಗ್ರಿಯ ಆಸುಪಾಸು ಇರಬಹುದು. ರಾತ್ರಿ ಇನ್ನೂ ಕಡಿಮೆ. ಶೋಲಾ ಕಾಡಿನ ಮೇಲಿನ ಹುಲ್ಲುಬಯಲಿನಲ್ಲಿ ಗಾಳಿಗೆ ಅಡ್ಡ ನಿಲ್ಲುವ ಮರವೂ ಇರುವುದಿಲ್ಲ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಕಾಣುವ ಆಗುಂಬೆಯ ಸುತ್ತಿನ ಪ್ರದೇಶದಲ್ಲಿ ಬಟ್ಟೆ ಒಣಗುವುದೆಂಬ ಮಾತೇ ಇಲ್ಲ. ಗಾಳಿ ಆಗಲೇ ತೇವದಿಂದ ತುಂಬಿ ತುಳುಕುತ್ತಿರುವಾಗ ಅಂಗಿಯ ನೀರು ಎಲ್ಲಿಗೆ ಹೋಗಬೇಕು?

ಅರಣ್ಯದೊಳಗೆ ಡೇರೆ ಹಾಕಲು ಇಲಾಖೆಯ ಅನುಮತಿ ಬೇಕು, ಹಲವು ಕಡೆ ಅದು ಸಿಗುವುದೂ ಇಲ್ಲ. ಮಳೆಗಾಲದಲ್ಲಿ ಚಾರಣದ ದಾರಿಗಳನ್ನೇ ಮುಚ್ಚುವುದುಂಟು. ತಂಡಗಳು ಬೇಸರಿಸಿಕೊಳ್ಳುತ್ತವೆ, ಆದರೂ ಒದ್ದೆ ಚಳಿಯ ಮೊದಲ ಶಿಬಿರಕ್ಕೆ ಗುಡ್ಡದ ತಪ್ಪಲಿನ ಖಾಸಗಿ ತೋಟ ಅಥವಾ ಗದ್ದೆಬಯಲಿನ ಅಂಚೇ ವಾಸಿ. ಗಾಳಿ ಕಡಿಮೆ, ಹವೆ ಕೆಲವು ಡಿಗ್ರಿ ಬೆಚ್ಚಗೆ. ಕೆಟ್ಟ ಗಳಿಗೆಯಲ್ಲಿ ಓಡಿಹೋಗಲು ಗಟ್ಟಿ ಸೂರೊಂದು ಅರ್ಧ ಗಂಟೆಯ ದೂರದಲ್ಲಿರುತ್ತದೆ. ಹಗಲು ಗುಡ್ಡ ಹತ್ತಿ ಸಂಜೆಗೆ ಇಳಿದು ಬರಬಹುದು.

ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ ಮಳೆ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಟಾರ್ಪಾಲಿನ ಮೇಲೆ 65 ಮಿ.ಮೀ. ಮಳೆ ಬಿದ್ದರೆ 780 ಲೀಟರ್ ಆಯಿತು. ಟಾರ್ಪಾಲು ನಡುವೆ ಜೋತುಬಿದ್ದು ಅದರಲ್ಲಿ ಹತ್ತರಲ್ಲೊಂದು ಭಾಗ ನಿಂತರೂ ಒಬ್ಬ ಆಳಿನ ತೂಕ ಹಗ್ಗಗಳ ಮೇಲೆ ಬೀಳುತ್ತದೆ. ಒಂದು ಮಗ್ಗುಲನ್ನು ಕಡ್ಡಾಯವಾಗಿ ತಗ್ಗಿಸಿ ಕಟ್ಟಬೇಕೆನ್ನುವುದು ಇದಕ್ಕೇ. ಮಳೆಯ ಮುನ್ಸೂಚನೆಯಲ್ಲಿ ಕಿತ್ತಳೆ ಅಥವಾ ಕೆಂಪು ಬಣ್ಣ ಕಂಡರೆ ಚರ್ಚೆ ಬೇಕಿಲ್ಲ, ದಿನಾಂಕ ಮುಂದೂಡುವುದೊಂದೇ ದಾರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದ ಮಳೆಯ ಮಾಹಿತಿಯನ್ನೂ ಕೊಡುತ್ತದೆ. ಹೊರಡುವ ಮುನ್ನಿನ ಮೂರು ನಾಲ್ಕು ದಿನ ಅದನ್ನು ಗಮನಿಸಿದರೆ ಹಳ್ಳಗಳ ಸ್ಥಿತಿ ಅಂದಾಜಿಗೆ ಸಿಗುತ್ತದೆ.

ನಡಿಗೆಯ ಸಮಯಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ದಾರಿ ಸುಮಾರು 13 ಕಿ.ಮೀ., ಏರು 1,600 ಮೀಟರ್‌ನಷ್ಟು. ಸೂತ್ರದ ಪ್ರಕಾರ ಐದೂಕಾಲು ಗಂಟೆ. ನೇಸ್ಮಿತ್ ಲೆಕ್ಕ ಹಾಕಿದ್ದು ಚೆನ್ನಾಗಿ ನಡೆಯಬಲ್ಲವರಿಗೆ, ನಡುವಿನ ವಿಶ್ರಾಂತಿಯನ್ನು ಅದರಲ್ಲಿ ಸೇರಿಸಿಲ್ಲ. ಹೊರೆ ಹೊತ್ತ ಮಿಶ್ರ ತಂಡ ಜಾರುವ ಕೆಸರಿನಲ್ಲಿ ಅರ್ಧದಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆಂದು ಹಿಡಿದರೆ ಎಂಟು ಗಂಟೆ. ಮೋಡ ಕವಿದ ದಿನ ಸಂಜೆ ಆರಕ್ಕೇ ಕಾಡಿನೊಳಗೆ ಕತ್ತಲಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೊರಟ ತಂಡಕ್ಕೆ ಡೇರೆ ಕಟ್ಟುವ ಹೊತ್ತಿಗೆ ಬೆಳಕೇ ಉಳಿದಿರುವುದಿಲ್ಲ.

ತಂಡದ ವೇಗವೆಂದರೆ ಅದರ ಅತ್ಯಂತ ನಿಧಾನದ ಸದಸ್ಯರ ವೇಗ. ಚಳಿಯ ವಿಷಯದಲ್ಲೂ ಅಷ್ಟೇ. ತೆಳ್ಳಗಿನವರಿಗೆ, ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಅವರು ಬೇಗ ತಣ್ಣಗಾಗುತ್ತಾರೆ. ಮುಂದೆ ಹೋದ ಗಟ್ಟಿಗರು ಒಂದು ತಿರುವಿನಲ್ಲಿ ಕುಳಿತು ಹಿಂದಿನವರಿಗಾಗಿ ಕಾಯುತ್ತಾರೆ, ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರುತ್ತಲೇ ಎದ್ದು ಹೊರಡುತ್ತಾರೆ. ಕಾದವರು ಚಳಿ ಹಿಡಿಸಿಕೊಂಡರು, ಬಂದವರಿಗೆ ವಿಶ್ರಾಂತಿಯೇ ಸಿಗಲಿಲ್ಲ. ಎಲ್ಲ ಚಾರಣ ತಂಡಗಳಲ್ಲೂ ಕಾಣುವ ಈ ದೃಶ್ಯ ಒಣಹವೆಯಲ್ಲಿ ತಮಾಷೆಯ ವಿಷಯವಾದರೂ ಮಳೆಯಲ್ಲಿ ಇಬ್ಬರನ್ನೂ ಕೆಡಿಸುತ್ತದೆ.

ತಂಡವನ್ನು ಒಡೆಯುವುದು ಇದಕ್ಕೆ ಪರಿಹಾರವೆಂದು ತೋರಬಹುದು. 1971ರ ನವೆಂಬರಿನಲ್ಲಿ ಎಡಿನ್‌ಬರೋದ ಶಾಲೆಯೊಂದರ ವಿದ್ಯಾರ್ಥಿಗಳು ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪ್ರಸ್ಥಭೂಮಿಗೆ ಹೋದಾಗ ಸಮರ್ಥರದೊಂದು ಗುಂಪು, ಉಳಿದವರದೊಂದು ಗುಂಪು ಎಂದು ವಿಂಗಡಿಸಲಾಗಿತ್ತು. ಮೇಲಿದ್ದ ಪುಟ್ಟ ಆಸರೆಯ ಗೂಡೊಂದನ್ನು ನೆಚ್ಚಿಕೊಂಡಿದ್ದ ಎರಡನೆಯ ಗುಂಪು ಹಿಮಬಿರುಗಾಳಿಯಲ್ಲಿ ಅದನ್ನು ತಲುಪಲಾರದೆ ಬಯಲಲ್ಲೇ ಉಳಿಯಿತು. ಐವರು ವಿದ್ಯಾರ್ಥಿಗಳು ಮತ್ತು ತರಬೇತಿಯಲ್ಲಿದ್ದ ಸಹಾಯಕಿಯೊಬ್ಬರು ತೀರಿಕೊಂಡರು. ಅಲ್ಲಿದ್ದದ್ದು ಮಳೆಯಲ್ಲ, ಹಿಮ. ಆದರೆ ಯೋಜನೆಯ ದೃಷ್ಟಿಯಿಂದ ಪಾಠ ಒಂದೇ: ನೆರವಿನ ಅಗತ್ಯ ಹೆಚ್ಚಿರುವವರೆಲ್ಲ ಒಂದೇ ಗುಂಪಿಗೆ ಬಿದ್ದರು, ಅವರ ಪರ್ಯಾಯ ಯೋಜನೆಯೂ ಗುಡ್ಡದ ಮೇಲೆಯೇ ಇತ್ತು. ಪರ್ಯಾಯ ಯಾವಾಗಲೂ ಕೆಳಕ್ಕೆ ಇಳಿಯುವ ದಾರಿಯಲ್ಲಿರಬೇಕು. ತನಿಖೆಯ ತರುವಾಯ ಆ ಆಸರೆಯ ಗೂಡನ್ನು ಕೆಡವಲಾಯಿತು.

ಉಡುಪಿನ ವಿಷಯದಲ್ಲಿ ಹತ್ತಿ ಬೇಡವೇ ಬೇಡ. ಅದರ ಎಳೆ ನೀರು ಹೀರಿ ಮೆತ್ತಗಾಗಿ ಮೈಗಂಟುತ್ತದೆ. ಪಾಲಿಯೆಸ್ಟರ್ ನೀರು ಹೀರುವುದು ಕಡಿಮೆ, ಹಿಂಡಿದರೆ ಬಹುಪಾಲು ಹೊರಟುಹೋಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗ ತೇವವನ್ನು ಎಳೆಯೊಳಗೆ ಸೇರಿಸಿಕೊಂಡರೂ ಮುಟ್ಟಿದರೆ ಒದ್ದೆಯೆನಿಸದು, ಹಾಗೆ ಸೇರಿಸಿಕೊಳ್ಳುವಾಗ ಕೊಂಚ ಶಾಖವನ್ನೂ ಬಿಡುತ್ತದೆ. ಮಲೆನಾಡಿನ ಕಂಬಳಿಕೊಪ್ಪೆಯ ಗುಟ್ಟು ಇದೇ. ಹಾಗೆಂದು ಕರಿಕಂಬಳಿಯನ್ನು ಶಿಬಿರಕ್ಕೆ ಹೊತ್ತೊಯ್ಯುವುದು ಜಾಣತನವಲ್ಲ. ಪೂರ್ತಿ ನೆನೆದರೆ ಅದನ್ನು ಹೊರುವುದೇ ಒಂದು ಕೆಲಸ. ಕೊಪ್ಪೆ ಹೊದ್ದು ಗದ್ದೆಯಲ್ಲಿ ದುಡಿದವರಿಗೆ ಸಂಜೆ ಅದನ್ನು ಒಣಗಿಸಲು ಬಚ್ಚಲೊಲೆಯ ಬೆಂಕಿಯಿತ್ತು.

ಮಳೆಯಂಗಿ ಎಷ್ಟೇ ದುಬಾರಿಯಾಗಿರಲಿ, ಏರು ಹತ್ತುವಾಗ ಒಳಗಿನ ಬೆವರೇ ಬಟ್ಟೆಯನ್ನು ತೋಯಿಸುತ್ತದೆ. ಆದ್ದರಿಂದ ಹೊರಡುವಾಗ ತುಸು ಚಳಿ ಎನ್ನಿಸುವಷ್ಟೇ ಬಟ್ಟೆ ಸಾಕು. ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮ ರಾತ್ರಿಯ ಜೊತೆಬಟ್ಟೆಯದು. ಒಂದು ಜೊತೆ ಒಳಉಡುಪು, ಸ್ವೆಟರ್, ಟೋಪಿ, ಕಾಲುಚೀಲ ಇವನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಡೇರೆಯೊಳಗೆ ಮಾತ್ರ ತೆಗೆಯಬೇಕು. ಬೆಳಿಗ್ಗೆ ಅವನ್ನು ಬಿಚ್ಚಿಟ್ಟು ನಿನ್ನೆಯ ಒದ್ದೆ ಬಟ್ಟೆಯನ್ನೇ ಮತ್ತೆ ತೊಡುವುದು ಯಾರಿಗೂ ಇಷ್ಟವಾಗದು. ಹಾಗೆ ಮಾಡದಿದ್ದರೆ ಎರಡನೆಯ ರಾತ್ರಿಗೆ ಒಣಬಟ್ಟೆ ಇರುವುದಿಲ್ಲ. ಒದ್ದೆಯ ತಣ್ಣನೆ ಕಾಲುಚೀಲದಲ್ಲಿ ಹಗಲಿರುಳು ಕಳೆದ ಪಾದಗಳ ನರಗಳಿಗೆ, ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲದಿದ್ದರೂ, ಪೆಟ್ಟಾಗುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿದ್ದು ಇದೇ ತೊಂದರೆ.

ಬೀಡು ತಲುಪಿದೊಡನೆ ಎಲ್ಲರೂ ತಂತಮ್ಮ ಡೇರೆಯತ್ತ ಧಾವಿಸುವುದು ಸಹಜ. ಅದನ್ನು ತಡೆಯಬೇಕು. ಮೊದಲು ಏಳಬೇಕಾದ್ದು ಎಲ್ಲರಿಗೂ ಸೇರಿದ ಟಾರ್ಪಾಲು. ಅದಕ್ಕೆ ಇಬ್ಬರು ಸಾಕು, ಹಗ್ಗಗಳನ್ನು ಮನೆಯಲ್ಲೇ ಅಳೆದು ಕಟ್ಟಿಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಅದರಡಿ ಒಬ್ಬರು ಒಲೆ ಹಚ್ಚಿ ನೀರಿಡುತ್ತಾರೆ, ಹೆಚ್ಚು ನಡುಗುತ್ತಿರುವವರು ಅಲ್ಲೇ ಬಟ್ಟೆ ಬದಲಿಸುತ್ತಾರೆ. ಡೇರೆಗಳನ್ನೂ ಟಾರ್ಪಾಲಿನಡಿಯೇ ಬಿಚ್ಚಿ ನಿಲ್ಲಿಸಿ, ಹೊರಹೊದಿಕೆ ಹಾಕಿದ ಮೇಲೆ ಎತ್ತಿಕೊಂಡು ಹೋಗಿ ಜಾಗದಲ್ಲಿ ಇಟ್ಟರೆ ಒಳಭಾಗ ಒಣಗಿರುತ್ತದೆ. ಜಾಗ ಹಳ್ಳದ ಪಾತ್ರದಲ್ಲಿರಕೂಡದು, ತಗ್ಗಿನಲ್ಲೂ ಇರಕೂಡದು. ನೆತ್ತಿಯಿಂದ ಕೊಂಚ ಕೆಳಗೆ, ಗಾಳಿಗೆ ಬೆನ್ನಾದ ಇಳಿಜಾರಿನ ಮಟ್ಟಸ ಅಂಚು ಸರಿಯಾದ ಜಾಗ. ತಲೆಯ ಮೇಲೆ ಒಣಗಿದ ಕೊಂಬೆಯಿದೆಯೇ ಎಂದು ಕತ್ತೆತ್ತಿ ನೋಡಬೇಕು.

ರಾತ್ರಿ ಡೇರೆಯೊಳಗೆ ಕಾಣುವ ನೀರೆಲ್ಲ ಸೋರಿದ್ದಲ್ಲ. ಮಲಗಿದ ಒಬ್ಬೊಬ್ಬರ ಉಸಿರು ಮತ್ತು ಚರ್ಮದಿಂದ ಗಂಟೆಗೆ ಮೂವತ್ತು ನಲವತ್ತು ಮಿಲಿಲೀಟರ್ ತೇವ ಹೊರಬೀಳುತ್ತದೆ. ಡೇರೆಯಲ್ಲಿ ನಾಲ್ವರಿದ್ದರೆ ಎಂಟು ಗಂಟೆಯಲ್ಲಿ ಒಂದು ಲೀಟರ್ ದಾಟಿತು. ಚಳಿಯೆಂದು ಗಾಳಿಕಿಂಡಿ ಮುಚ್ಚಿದರೆ ಅದು ಬಟ್ಟೆಯ ಒಳಮೈಗೆ ಹನಿಗಟ್ಟಿ ಹಾಸಿಗೆಯ ಮೇಲೆ ಉದುರುತ್ತದೆ. ಕಿಂಡಿ ತೆರೆದಿರಲಿ, ಚಳಿಗೆ ಇನ್ನೊಂದು ಸ್ವೆಟರ್ ಇರಲಿ. ಡೇರೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದಂತೂ ಆತ್ಮಹತ್ಯೆಗೆ ಸಮ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಎಚ್ಚರಗೊಳ್ಳುವುದಿಲ್ಲ. ಗ್ಯಾಸ್ ಒಲೆಗೂ ಇದೇ ನಿಯಮ.

ಸ್ಲೀಪಿಂಗ್ ಬ್ಯಾಗಿಗೆ ಸಾವಿರಗಟ್ಟಲೆ ಸುರಿದವರು ಕೆಳಗಿನ ಹಾಸಿಗೆಯನ್ನು ಮರೆಯುತ್ತಾರೆ. ಮೈಭಾರಕ್ಕೆ ಬ್ಯಾಗಿನ ಅಡಿಭಾಗ ಚಪ್ಪಟೆಯಾಗಿ ಅಲ್ಲಿನ ಗಾಳಿಯೆಲ್ಲ ಹೊರಹೋಗಿರುತ್ತದೆ, ಒದ್ದೆನೆಲ ನೇರವಾಗಿ ಶಾಖ ಹೀರುತ್ತದೆ. ದಪ್ಪ ಫೋಮ್ ಚಾಪೆಯೊಂದು ಇಲ್ಲಿ ಮಾಡುವ ಉಪಕಾರವನ್ನು ಎರಡನೆಯ ಹೊದಿಕೆ ಮಾಡಲಾರದು. ಹಕ್ಕಿಪುಕ್ಕದ ಬ್ಯಾಗು ಒಣಚಳಿಗೆ ಶ್ರೇಷ್ಠ, ಒದ್ದೆಯಾದರೆ ಮುದ್ದೆ. ಮಳೆಯ ಶಿಬಿರಕ್ಕೆ ಅಗ್ಗದ ಕೃತಕ ನಾರಿನದೇ ಲೇಸು.

ಇಂಧನದ ಲೆಕ್ಕ ಅಂದಾಜಿನಲ್ಲಿ ಬಿಡುವಂಥದಲ್ಲ. 230 ಗ್ರಾಂ ಗ್ಯಾಸ್ ಡಬ್ಬಿಯಲ್ಲಿ ಸುಮಾರು 10,500 ಕಿಲೋಜೂಲ್ ಶಕ್ತಿ ಇರುತ್ತದೆ. 18 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯ ಹತ್ತಿರಕ್ಕೆ ತರಲು 320 ಕಿಲೋಜೂಲ್ ಬೇಕು. ಕಾಗದದ ಮೇಲೆ ಒಂದು ಡಬ್ಬಿಗೆ ಮೂವತ್ತು ಲೀಟರಿಗೂ ಹೆಚ್ಚು. ಪಾತ್ರೆಗೆ ಸೇರದೆ ಹೋಗುವುದನ್ನೂ ಗಾಳಿ ಕದಿಯುವುದನ್ನೂ ಕಳೆದರೆ ಹತ್ತು ಲೀಟರ್ ಎಂದು ಹಿಡಿಯುವುದು ಕ್ಷೇಮ. ಹತ್ತು ಜನಕ್ಕೆ ದಿನಕ್ಕೆ ತಲಾ ಮೂರು ಲೀಟರ್ ಬಿಸಿನೀರು, ಎರಡು ದಿನ ಎಂದರೆ ಆರು ಡಬ್ಬಿ. ಮೇಲೊಂದು ಇರಲಿ. ಒಲೆಗೆ ಗಾಳಿಯ ಮರೆ ಬೇಕು, ಆದರೆ ಡಬ್ಬಿಯನ್ನೇ ಸುತ್ತುವಂತೆ ಮರೆ ಕಟ್ಟಿದರೆ ಅದು ಕಾದು ಸಿಡಿಯಬಹುದು. 1,700 ಮೀಟರ್ ಎತ್ತರದಲ್ಲಿ ನೀರು 94 ಡಿಗ್ರಿಗೇ ಕುದಿಯುವುದರಿಂದ ಬೇಳೆ ಬೇಯಲು ತಡವಾಗುತ್ತದೆ. ಅವಲಕ್ಕಿ, ಹುರಿಹಿಟ್ಟು, ಮನೆಯಲ್ಲೇ ಹುರಿದು ತಂದ ಉಪ್ಪಿಟ್ಟಿನ ರವೆಗೆ ಇಂಥಲ್ಲಿ ಮೊದಲ ಮಣೆ. ನಡೆಯುವಾಗ ಗಂಟೆಗೊಮ್ಮೆ ಜೇಬಿನಿಂದ ಚಿಕ್ಕಿಯೋ ಬೆಲ್ಲ ಶೇಂಗಾವೋ ಬಾಯಿಗೆ ಬೀಳುತ್ತಿರಬೇಕು, ನಡುಕಕ್ಕೂ ಬೇಕಾದ್ದು ಅದೇ ಇಂಧನ. ಮಲಗುವ ಮುಂಚೆ ಜಿಡ್ಡಿರುವ ಊಟ ಆದರೆ ಒಳ್ಳೆಯದು.

ತಣ್ಣಗಾಗುತ್ತಿರುವ ವ್ಯಕ್ತಿಗೆ ತನಗೇನಾಗುತ್ತಿದೆಯೆಂದು ತಿಳಿಯುವುದಿಲ್ಲ, ಏಕೆಂದರೆ ಮಿದುಳೂ ಮಂಕಾಗುತ್ತಿರುತ್ತದೆ. ಹೀಗಾಗಿ ಇಬ್ಬಿಬ್ಬರ ಜೋಡಿ ಮಾಡಿ ಒಬ್ಬರನ್ನೊಬ್ಬರು ಗಮನಿಸುವಂತೆ ಹೇಳಬೇಕು. ಜಿಪ್ ಎಳೆಯಲು ಬಾರದ ಬೆರಳು, ಸಮತಟ್ಟಿನಲ್ಲೂ ಮುಗ್ಗರಿಸುವ ಕಾಲು, ತೊದಲು ಮಾತು, ಕಾರಣವಿಲ್ಲದ ಸಿಡುಕು ಅಥವಾ ಮೌನ ಇವೆಲ್ಲ ಸೂಚನೆಗಳು. ಮಾತಾಳಿಯೊಬ್ಬರು ಇದ್ದಕ್ಕಿದ್ದಂತೆ ಸುಮ್ಮನಾದರೆ ತಂಡಕ್ಕೆ ನೆಮ್ಮದಿಯಾಗಬಾರದು. ಜೋರಾಗಿ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಪರಿಸ್ಥಿತಿ ಕೈಮೀರುತ್ತಿದೆಯೆಂದೇ ಅರ್ಥ. ಗಾಳಿ ಮಳೆಯಿಂದ ಮರೆಗೆ ತಂದು, ಒದ್ದೆ ಬಟ್ಟೆ ತೆಗೆದು, ಒಣಬಟ್ಟೆ ತೊಡಿಸಿ, ಕೆಳಗೂ ಮೇಲೂ ಹೊದಿಕೆ ಹಾಕಬೇಕು. ಎಚ್ಚರವಿದ್ದು ನುಂಗಬಲ್ಲವರಾದರೆ ಸಕ್ಕರೆ ಹಾಕಿದ ಬಿಸಿ ಪಾನೀಯ ಕೊಡಬಹುದು. ಕೈಕಾಲು ತಿಕ್ಕುವುದು ತಪ್ಪು. ಮದ್ಯ ಕೊಡುವುದು ಇನ್ನೂ ದೊಡ್ಡ ತಪ್ಪು: ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ, ಬೆಚ್ಚಗಾದ ಭ್ರಮೆಯನ್ನಷ್ಟೇ ಕೊಡುತ್ತದೆ. ಪ್ರಜ್ಞೆ ಮಸುಕಾದವರನ್ನು ಅಲುಗಾಡಿಸದೆ ಮಲಗಿಸಿ ಆದಷ್ಟು ಬೇಗ ವೈದ್ಯಕೀಯ ನೆರವು ಕರೆಸಬೇಕು, ತಣ್ಣಗಾದ ಹೃದಯದ ಬಡಿತ ಸಣ್ಣ ಕುಲುಕಿಗೂ ಲಯ ತಪ್ಪಬಹುದು.

ಮಲೆನಾಡಿನ ಉಂಬಳಗಳ ಬಗ್ಗೆ ತಂಡಗಳು ಬೇಕಾದ್ದಕ್ಕಿಂತ ಹೆಚ್ಚು ಹೆದರುತ್ತವೆ. ಅವು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೆ. ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ಸಾಕು. ಹೆದರಬೇಕಾದ್ದು ಹಳ್ಳಗಳಿಗೆ. ನೀರಿನ ನೂಕುಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಹರಿವಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲಿನ ಒತ್ತಡ ನಾಲ್ಕು ಪಟ್ಟು. ಬೆಳಿಗ್ಗೆ ಮೊಣಕಾಲುದ್ದದಲ್ಲಿ ದಾಟಿದ ಹಳ್ಳ ಮೇಲೆಲ್ಲೋ ಸುರಿದ ಮಳೆಯಿಂದ ಸಂಜೆಗೆ ದಾಟಲಾಗದಂತಾಗಬಹುದು. ಆಗ ಆಚೆ ದಡದಲ್ಲೇ ಒಂದು ರಾತ್ರಿ ಹೆಚ್ಚು ಉಳಿಯುವುದಕ್ಕೆ ಒಂದು ಹೊತ್ತಿನ ಊಟ ಮತ್ತು ಒಂದು ಗ್ಯಾಸ್ ಡಬ್ಬಿ ಕೈಯಲ್ಲಿರಬೇಕು. ಮೇಲೆ ಹೇಳಿದ ಏಳನೆಯ ಡಬ್ಬಿ ಇದಕ್ಕೆಂದೇ.

ಮನೆಗೆ ಬಂದ ಮೇಲೆ ಡೇರೆಯನ್ನು ಬಿಚ್ಚಿ ಹರವದೆ ಮೂಲೆಗೆಸೆದರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು ಬಟ್ಟೆಯ ಮೇಲಿನ ಜಲನಿರೋಧಕ ಲೇಪ ಕೆಡುತ್ತದೆ. ಸ್ಲೀಪಿಂಗ್ ಬ್ಯಾಗನ್ನು ಚೀಲದಲ್ಲಿ ಅದುಮಿ ಇಡದೆ ತೂಗುಹಾಕಬೇಕು. ಕೆಸರು, ನಿಂತ ನೀರು, ಗದ್ದೆಯಂಚುಗಳಲ್ಲಿ ಗಾಯದ ಕಾಲಿನಲ್ಲಿ ಓಡಾಡಿದವರಿಗೆ ಇಲಿಜ್ವರದ ಸೋಂಕು ತಗಲುವ ಸಾಧ್ಯತೆಯಿದೆ. ಅದರ ಲಕ್ಷಣಗಳು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳ ಒಳಗೆ ಕಾಣಿಸಿಕೊಳ್ಳುತ್ತವೆ. ಜ್ವರ, ಮೀನಖಂಡದ ನೋವು, ಕೆಂಪುಗಣ್ಣು ಕಂಡರೆ ವೈದ್ಯರ ಬಳಿ ಹೋಗಿ, ಮಳೆನೀರಿನಲ್ಲಿ ನಡೆದು ಬಂದ ವಿಷಯವನ್ನು ಕೇಳುವ ಮೊದಲೇ ಹೇಳಬೇಕು.